ಭೇಟಿಗೊಂದು ವೇಳೆ, ವೇಳೆಗೊಂದು ಬೇಲಿ

ಮನೆಯ ಹಜಾರವನ್ನೇ ಕಚೇರಿ ಮಾಡಿಕೊಂಡು ವೃತ್ತಿ ನಡೆಸುವವರು ಮುಂಬಯಿಯ ನಮ್ಮ ಬಳಗದಲ್ಲಿ ಬಹು ಮಂದಿ. ತೆರಿಗೆಯ ಲೆಕ್ಕ ಬರೆಯುವವರು, ವಿಮೆಯ ಏಜೆಂಟರು, ಸಂಗೀತಪಾಠ ಹೇಳುವ ಸೋದರಿಯರು, ಎಲ್ಲರಿಗೂ ಒಂದೇ ತಾಪತ್ರಯ. “ನಾಳೆ ಬರಲೇ?” “ನಾಳೆ ಆಗದು, ನಾಡಿದ್ದು ಬನ್ನಿ.” “ನಾಡಿದ್ದು ನನಗೆ ಬಿಡುವಿಲ್ಲ.” ಹೀಗೆ ನಾಲ್ಕಾರು ಬಾರಿ ಫೋನಾದ ಮೇಲೆ ವೇಳೆಯೊಂದು ಗೊತ್ತಾಗುವುದು, ಅದೇ ವೇಳೆಯನ್ನು ಇನ್ನೊಬ್ಬರಿಗೂ ಕೊಟ್ಟದ್ದು ಆಮೇಲೆ ನೆನಪಾಗುವುದು! ಡೊಂಬಿವಲಿಯಿಂದ ಲೋಕಲ್ ಹಿಡಿದು ಮಾಟುಂಗಕ್ಕೆ ಬಂದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವುದು ಸಣ್ಣ ಮಾತಲ್ಲ.

ಇದಕ್ಕೀಗ ಉಪಾಯ ಉಂಟು. ಭೇಟಿಯ ವೇಳೆ ಗೊತ್ತುಮಾಡುವ ಸಾಧನಗಳು ಅಂತರ್ಜಾಲದಲ್ಲಿ ಹಲವು. ಅಮೆರಿಕೆಯ ಅಟ್ಲಾಂಟಾದಲ್ಲಿ 2013ರಲ್ಲಿ ಹುಟ್ಟಿದ ಕ್ಯಾಲೆಂಡ್ಲಿ ಅಂಥದೊಂದು. ಗೂಗಲ್ ಕ್ಯಾಲೆಂಡರಿನಲ್ಲಿಯೂ ಈ ಸೌಕರ್ಯ ಇದೆ. ನಮಗೆ ಒಪ್ಪುವ ದಿನ, ಗಂಟೆಗಳನ್ನು ಅದರಲ್ಲಿ ತೆರೆದಿಟ್ಟು, ಅದರ ಕೊಂಡಿಯನ್ನು ಗಿರಾಕಿಗಳಿಗೆ ಕಳಿಸಿದರಾಯಿತು. ಅವರು ಒಂದು ವೇಳೆಯನ್ನು ಆರಿಸಿಕೊಂಡೊಡನೆ, ರೈಲಿನ ಸೀಟಿನಂತೆ, ಅದು ಉಳಿದವರಿಗೆ ಮುಚ್ಚಿಹೋಗುವುದು. ಇಬ್ಬರಿಗೂ ಇ-ಮೇಲಿನಲ್ಲಿ ತಿಳಿವಳಿಕೆ ಬರುವುದು.

ಪರದೇಶದ ಗಿರಾಕಿಗಳಿದ್ದರಂತೂ ಇದು ವರವೇ ಸರಿ. ನಮ್ಮ ಸಂಜೆಯ 7 ಗಂಟೆ ಲಂಡನ್ನಿನಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 1-30, ಬೇಸಗೆಯಲ್ಲಿ 2-30. ಈ ಲೆಕ್ಕವನ್ನು ಸಾಧನವೇ ನೋಡಿಕೊಳ್ಳುವುದು. ಗಡಿಯಾರದ ಗೊಂದಲ ಮುಂಬಯಿಗೆ ಹೊಸತೇನಲ್ಲ. 1906ರಲ್ಲಿ ಭಾರತೀಯ ಕಾಲಮಾನ ಬಂದ ಮೇಲೆಯೂ ಅದಕ್ಕಿಂತ 39 ನಿಮಿಷ ಹಿಂದಿದ್ದ ‘ಬಾಂಬೆ ಟೈಮ್’ ಅನ್ನು 1955ರವರೆಗೆ ಉಳಿಸಿಕೊಂಡಿದ್ದ ಊರಿದು!

ಆದರೆ ಒಂದು ಎಚ್ಚರ ಬೇಕು. ನಾವು ಬರೆದಿಟ್ಟದ್ದಷ್ಟೇ ಈ ಸಾಧನಕ್ಕೆ ಗೊತ್ತು. ತೆರೆದ ಗಂಟೆಗಳಲ್ಲಿ ಬರೆಯದೆ ಬಿಟ್ಟದ್ದೆಲ್ಲ ಅದರ ಕಣ್ಣಿಗೆ ಬಿಡುವೇ. ಅತ್ತೆಯವರನ್ನು ಡಾಕ್ಟರಲ್ಲಿಗೆ ಕರೆದೊಯ್ಯುವುದು, ಮಗುವಿಗೆ ಪಾಠ ಹೇಳಿಕೊಡುವುದು, ಮನೆಮಂದಿಯೆಲ್ಲ ಕೂಡಿ ಉಣ್ಣುವುದು, ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ಬರೆದಿಡುವವರು ಎಷ್ಟು ಮಂದಿ? ಬರೆದಿಡದ ಕಾರಣ ಆ ವೇಳೆಗಳೇ ಮೊದಲು ಪರರ ಪಾಲಾಗುವುವು. ಆದುದರಿಂದ ಮೊದಲು ಮನೆಯ ವೇಳೆಯನ್ನು ಗುರುತುಮಾಡಿ, ಉಳಿದುದನ್ನು ಗಿರಾಕಿಗಳಿಗೆ ತೆರೆಯುವುದು ಲೇಸು. ಅವರಿಗೆ ಕಾಣುವುದು ಖಾಲಿ ವೇಳೆ ಮಾತ್ರ. ಉಳಿದ ಹೊತ್ತಿನಲ್ಲಿ ನಮಗೇನು ಕೆಲಸವೆಂಬುದು ಕಾಣದು. ಸಂಕೋಚಕ್ಕೆ ಕಾರಣವಿಲ್ಲ. ಎರಡು ಭೇಟಿಗಳ ನಡುವೆ 15 ನಿಮಿಷ ಬಿಟ್ಟುಕೊಂಡರೆ, ಹಿಂದಿನ ದಿನವೇ ಗೊತ್ತುಮಾಡಬೇಕೆಂದು ನಿಯಮವಿಟ್ಟರೆ, ಊಟದ ತಟ್ಟೆ ಬಿಟ್ಟೇಳುವ ಪ್ರಸಂಗವೂ ತಪ್ಪೀತು.

ಕೊನೆಗೆ ಇನ್ನೊಂದು ಮಾತು. ಇಪ್ಪತ್ತು ವರ್ಷಗಳಿಂದ ಬರುತ್ತಿರುವ ಹಿರಿಯರಿಗೆ ಕೊಂಡಿಯೊಂದನ್ನು ಕಳಿಸಿ ಸುಮ್ಮನಾಗುವುದು ಮರ್ಯಾದೆಯಲ್ಲ. ಅವರು ಎಂದಿನಂತೆ ಫೋನು ಮಾಡಲಿ. ಅವರ ಪರವಾಗಿ ನಾವೇ ಗುರುತು ಹಾಕಿದರಾಯಿತು. ಬಂದವರನ್ನು ಕೂರಿಸಿ, ಗಡಿಯಾರ ನೋಡದೆ ಮಾತಾಡಿಸುವಷ್ಟು ನೆಮ್ಮದಿ ದೊರೆತರೆ, ಆ ಸಾಧನ ಸಾರ್ಥಕವೆಂದು ನಮ್ಮ ಭಾವನೆ.