ಗಿಟ್ ಗೆದ್ದಾಯಿತು, ಕೀಲಿಕೈ ಯಾರ ಬಳಿ?

ಫೈರ್‌ಫಾಕ್ಸ್ ಬ್ರೌಸರ್‌ನ ಸೋರ್ಸ್ ಕೋಡ್ 2025ರ ಮೇ ತಿಂಗಳಲ್ಲಿ ಗಿಟ್‌ಹಬ್‌ಗೆ ಬಂತು. 2007ರಿಂದ ಮರ್ಕ್ಯುರಿಯಲ್ ವ್ಯವಸ್ಥೆಯನ್ನು ನಂಬಿಕೊಂಡಿದ್ದ ಮೊಜಿಲ್ಲಾ, ಅದನ್ನೂ ಗಿಟ್ ಅನ್ನೂ ಒಟ್ಟೊಟ್ಟಿಗೆ ನಿಭಾಯಿಸುವುದು ತನ್ನ ತಂಡಗಳಿಗೆ ಹೊರೆಯಾಗಿದೆ ಎಂದು 2023ರ ನವೆಂಬರ್‌ನಲ್ಲೇ ಹೇಳಿತ್ತು. ದೊಡ್ಡ ಓಪನ್ ಸೋರ್ಸ್ ಯೋಜನೆಗಳ ಪೈಕಿ ಗಿಟ್ ಒಲ್ಲೆ ಎನ್ನುವವರು ಈಗ ಕೆಲವೇ ಮಂದಿ.

ಬೇರೆ ಬೇರೆ ಊರುಗಳಲ್ಲಿ ಕುಳಿತ ನೂರಾರು ಜನ ಒಂದೇ ತಂತ್ರಾಂಶ ಬರೆಯುವಾಗ ಯಾವ ಸಾಲನ್ನು ಯಾರು, ಯಾವಾಗ, ಏಕೆ ಬದಲಿಸಿದರು ಎಂಬ ಲೆಕ್ಕ ಇಡುವುದು ವರ್ಷನ್ ಕಂಟ್ರೋಲ್ ವ್ಯವಸ್ಥೆಯ ಕೆಲಸ. ಇವುಗಳಲ್ಲಿ ಯಾವುದು ಒಳ್ಳೆಯದು ಎಂಬುದು ಒಂದು ಕಾಲಕ್ಕೆ ದೊಡ್ಡ ಚರ್ಚೆ. ಪೈಥಾನ್ ಬಳಗ 2009ರಲ್ಲಿ ಬಜಾರ್, ಗಿಟ್, ಮರ್ಕ್ಯುರಿಯಲ್ ಮೂರನ್ನೂ ತೂಗಿ ನೋಡಿ ಮರ್ಕ್ಯುರಿಯಲ್ ಆರಿಸಿತ್ತು. 2017ರಲ್ಲಿ ಅದೂ ಗಿಟ್‌ಹಬ್ ಸೇರಿತು. ಮರ್ಕ್ಯುರಿಯಲ್ ಕೆಟ್ಟದ್ದೇನಲ್ಲ. ಆದರೆ ಹೊಸಬರು ಕಲಿತು ಬರುವುದೇ ಗಿಟ್ ಅನ್ನು. ಜನ ಇರುವ ಕಡೆಗೇ ಯೋಜನೆಯೂ ಹೋಗಬೇಕು.

ಗಿಟ್ ಹುಟ್ಟಿದ ಕಥೆ ಮಾತ್ರ ಇವತ್ತಿಗೂ ಎಚ್ಚರಿಕೆಯಂತಿದೆ. ಲಿನಕ್ಸ್ ಕರ್ನೆಲ್ ತಂಡ 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶ ಬಳಸುತ್ತಿತ್ತು. ಹಣ ಕೊಡಬೇಕಿರಲಿಲ್ಲ, ಷರತ್ತುಗಳಿದ್ದವು. ಅದರ ಒಳಗುಟ್ಟು ಬಿಡಿಸಲು ಒಬ್ಬರು ಹೊರಟಿದ್ದಾರೆಂದು ಮುನಿದ ಕಂಪನಿ 2005ರಲ್ಲಿ ಉಚಿತ ಬಳಕೆಯನ್ನೇ ನಿಲ್ಲಿಸಿತು. ಆ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಕುಳಿತರು. ಮರ್ಕ್ಯುರಿಯಲ್ ಹುಟ್ಟಿದ್ದೂ ಅದೇ ತಿಂಗಳು, ಅದೇ ಕಾರಣಕ್ಕೆ. ಎರಡರಲ್ಲೂ ಪ್ರತಿಯೊಬ್ಬ ಡೆವಲಪರ್‌ನ ಕಂಪ್ಯೂಟರ್‌ನಲ್ಲಿ ಕೋಡ್‌ನ ಪೂರ್ತಿ ಇತಿಹಾಸ ಇರುತ್ತದೆ. ಯಾರೋ ಒಬ್ಬರು ಬಾಗಿಲು ಹಾಕಿದರೆ ಕೆಲಸ ನಿಲ್ಲಬಾರದು ಎಂಬುದೇ ಲೆಕ್ಕಾಚಾರ.

ಹೀಗೆ ಮನೆಮನೆಗೆ ಹಂಚಿದ್ದನ್ನು ಜನ ಮತ್ತೆ ಒಂದೇ ಸೂರಿನಡಿ ತಂದಿಟ್ಟಿದ್ದಾರೆ. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್ ಕೊಟ್ಟು ಕೊಂಡ ಗಿಟ್‌ಹಬ್‌ನಲ್ಲಿ ಕೋಡ್ ಜೊತೆಗೆ ದೋಷಗಳ ದೂರು, ತಿದ್ದುಪಡಿಯ ಚರ್ಚೆ, ಯಾರಿಗೆ ಯಾವ ಅನುಮತಿ ಎಂಬ ವಿವರ ಎಲ್ಲವೂ ಇವೆ. ಗಿಟ್‌ನ ಪ್ರತಿಯಲ್ಲಿ ಸಿಗುವುದು ಕೋಡ್ ಮಾತ್ರ. ಒಂದು ಸಾಲನ್ನು ಏಕೆ ಹಾಗೆ ಬರೆಯಲಾಯಿತು ಎಂಬ ಹತ್ತು ವರ್ಷದ ವಾದ ಸರ್ವರ್‌ನಲ್ಲೇ ಉಳಿಯುತ್ತದೆ.

ಇದರ ಬಿಸಿ ಭಾರತಕ್ಕೂ ತಟ್ಟಿದೆ. ಐಸಿಸ್ ಪ್ರಚಾರ ಸಾಮಗ್ರಿಯ ಕಾರಣಕ್ಕೆ 2014ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 32 ವಿಳಾಸಗಳನ್ನು ತಡೆಹಿಡಿದಾಗ, ಇಲ್ಲಿನ ಕೆಲವು ಇಂಟರ್ನೆಟ್ ಗ್ರಾಹಕರಿಗೆ ಗಿಟ್‌ಹಬ್ ತೆರೆದುಕೊಳ್ಳಲೇ ಇಲ್ಲ. 2019ರಲ್ಲಿ ಅಮೆರಿಕದ ನಿರ್ಬಂಧದ ಹೆಸರಿನಲ್ಲಿ ಇರಾನ್, ಸಿರಿಯಾ, ಕ್ರಿಮಿಯಾದ ಡೆವಲಪರ್‌ಗಳಿಗೆ ತಮ್ಮದೇ ಖಾಸಗಿ ಕೋಡ್ ಕೈಗೆ ಸಿಗದಂತಾಯಿತು. ಇರಾನ್‌ಗೆ ಪರವಾನಗಿ ಸಿಕ್ಕಿದ್ದು 2021ರಲ್ಲಿ.

ಹಾಗಾಗಿ ಹೊಸ ಯೋಜನೆ ಆರಂಭಿಸುವವರು ಗಿಟ್ ಬೇಕೇ ಬೇಡವೇ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ, ಚರ್ಚೆಯನ್ನು ಎಲ್ಲಿ ಇಡುವುದು ಎಂದು ಯೋಚಿಸುವುದು ಮೇಲು. ಫೈರ್‌ಫಾಕ್ಸ್ ಗಿಟ್‌ಹಬ್‌ಗೆ ಬಂದರೂ ದೋಷಗಳ ದೂರನ್ನು ತನ್ನ ಬಗ್‌ಜಿಲ್ಲಾದಲ್ಲಿ, ಕೋಡ್ ಪರಿಶೀಲನೆಯನ್ನು ಫ್ಯಾಬ್ರಿಕೇಟರ್‌ನಲ್ಲಿ ಉಳಿಸಿಕೊಂಡಿತು. ಗ್ನೋಮ್, ಕೆಡಿಇ, ಡೆಬಿಯನ್ ತಂಡಗಳು ಗಿಟ್‌ಲ್ಯಾಬ್ ಅನ್ನು ತಮ್ಮದೇ ಸರ್ವರ್‌ನಲ್ಲಿ ನಡೆಸುತ್ತಿವೆ. ಅದಕ್ಕೆ ರಾತ್ರಿ ಎದ್ದು ಸರ್ವರ್ ನೋಡುವವರು ಬೇಕು. ಮೂವರ ತಂಡಕ್ಕೆ ಅದು ದುಬಾರಿ. ಎಸ್‌ಕ್ಯೂಲೈಟ್‌ನ ದಾರಿಯೇ ಬೇರೆ. ಅದರ ಕರ್ತೃ ರಿಚರ್ಡ್ ಹಿಪ್ ಬರೆದ ಫಾಸಿಲ್‌ನಲ್ಲಿ ಕೋಡ್ ಜೊತೆಗೆ ದೂರುಗಳೂ ವಿಕಿಯೂ ಪ್ರತಿಯಲ್ಲೇ ಬರುತ್ತವೆ. ಹೊರಗಿನವರಿಂದ ಕೋಡ್ ಪಡೆಯದ ಪುಟ್ಟ ತಂಡ ಅದು, ಅವರಿಗೆ ಸರಿಹೊಂದಿದೆ.

2025ರ ನವೆಂಬರ್‌ನಲ್ಲಿ ಜಿಗ್ ಭಾಷೆಯ ತಂಡ ಗಿಟ್‌ಹಬ್ ಮೇಲೆ ಬೇಸತ್ತು, ಬರ್ಲಿನ್‌ನ ಲಾಭರಹಿತ ಸಂಸ್ಥೆ ನಡೆಸುವ ಕೋಡ್‌ಬರ್ಗ್‌ಗೆ ಹೋಯಿತು. ಕೋಡ್ ಸಲೀಸಾಗಿ ಬಂತು. ಹಳೆಯ ದೂರುಗಳು ಗಿಟ್‌ಹಬ್‌ನಲ್ಲೇ ಉಳಿದವು. ಎರಡೂ ಕಡೆಯ ದೂರುಗಳ ಸಂಖ್ಯೆ ಕಲಸಿಹೋಗಬಾರದೆಂದು ಹೊಸ ಜಾಗದಲ್ಲಿ ಎಣಿಕೆಯನ್ನು 30,000ದಿಂದ ಆರಂಭಿಸಿದ್ದಾರೆ.