ಹುಸಿಮಾತ್ರೆಯ ಕೈಗುಣ

ಔಷಧದ ಅಂಶವೇ ಇಲ್ಲದ ಮಾತ್ರೆಯಿಂದ ನೋವು ಇಳಿಯಿತೆಂದರೆ, ಅದು ನಿಜವಾದ ನೋವೇ ಆಗಿರಲಿಲ್ಲ, ಎಲ್ಲ ಮನಸ್ಸಿನ ಆಟ ಎನ್ನುವವರಿದ್ದಾರೆ. ಈ ವಾದಕ್ಕೆ 1978ರಲ್ಲೇ ಪೆಟ್ಟು ಬಿತ್ತು. ಆ ವರ್ಷ ಜಾನ್ ಲೆವಿನ್ ಮತ್ತು ಸಂಗಡಿಗರು ಬುದ್ಧಿಹಲ್ಲು ಕೀಳಿಸಿಕೊಂಡ ರೋಗಿಗಳಿಗೆ ಪ್ಲಸೀಬೊ, ಅಂದರೆ ಹುಸಿಮದ್ದು, ಕೊಟ್ಟು ನೋಡಿದರು. ಕೆಲವರಿಗೆ ನೋವು ತಗ್ಗಿತು. ಆಮೇಲೆ ಅವರಿಗೆ ಮಾರ್ಫಿನ್‌ನ ಪರಿಣಾಮವನ್ನು ತಡೆಯುವ ನಾಲೊಕ್ಸೋನ್ ಕೊಟ್ಟರು. ತಗ್ಗಿದ್ದ ನೋವು ಮತ್ತೆ ಏರಿತು. ಮದ್ದು ಸಿಕ್ಕಿತೆಂಬ ನಂಬಿಕೆಗೇ ಮಿದುಳು ತನ್ನದೇ ಮಾರ್ಫಿನ್‌ನಂಥ ವಸ್ತುವನ್ನು ಸುರಿಸಿತ್ತು ಎಂಬುದಕ್ಕೆ ಅದು ಮೊದಲ ಬಲವಾದ ಸುಳಿವು. ಇದರ ಮಗ್ಗುಲು ಬದಲಿಸಿ ನೋಡಿದವರು ಇಟಲಿಯ ಫ್ಯಾಬ್ರಿಜಿಯೊ ಬೆನೆಡೆಟ್ಟಿ: ನೋವುನಿವಾರಕವನ್ನು ರೋಗಿಗೆ ಗೊತ್ತಾಗದಂತೆ ಯಂತ್ರದ ಮೂಲಕ ಹರಿಸಿದರೆ, ಅದೇ ಮದ್ದಿನ ಕಸುವು ಕುಗ್ಗುತ್ತದೆ. ವೈದ್ಯರು ಎದುರಿಗೆ ನಿಂತು ಚುಚ್ಚಿದಾಗಲೇ ಅದು ಚೆನ್ನಾಗಿ ನಾಟುವುದು.

ನಮ್ಮ ಊರುಗಳಲ್ಲಿ ಇದನ್ನು ಕೈಗುಣ ಎನ್ನುತ್ತಾರೆ. ಬರೀ ಮಾತ್ರೆ ಬರೆದುಕೊಟ್ಟರೆ ಮುಖ ಸಪ್ಪಗಾಗುತ್ತದೆ. "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ" ಎಂದು ತೋಳು ಮಡಚುವವರಿಗೆ ಬಿ-ಕಾಂಪ್ಲೆಕ್ಸ್ ಚುಚ್ಚಿದರೂ ಬಾಗಿಲು ದಾಟುವಷ್ಟರಲ್ಲಿ ಹಗುರವೆನಿಸುತ್ತದೆ.

ಹಾಗೆಂದು ಇಳಿದದ್ದೆಲ್ಲವನ್ನೂ ಹುಸಿಮದ್ದಿನ ಖಾತೆಗೆ ಬರೆಯಲಾಗದು. ನೆಗಡಿಗೆ ಔಷಧಿ ತಗೊಂಡರೆ ಏಳು ದಿನ, ತಗೊಳ್ಳದಿದ್ದರೆ ಒಂದು ವಾರ ಎಂಬ ತಮಾಷೆ ಸುಮ್ಮನೆ ಹುಟ್ಟಿದ್ದಲ್ಲ. 1955ರಲ್ಲಿ ಹೆನ್ರಿ ಬೀಚರ್ ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನರಿಗೆ ಪ್ಲಸೀಬೊ ಫಲಕೊಡುತ್ತದೆ ಎಂದು ಬರೆದಾಗ, ತಾನಾಗಿಯೇ ವಾಸಿಯಾಗುವವರನ್ನು ಬೇರ್ಪಡಿಸಿ ನೋಡಿರಲಿಲ್ಲ. 2001ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು, ಏನೂ ಕೊಡದೆ ಬಿಟ್ಟ ಗುಂಪೂ ಇದ್ದ 114 ಪ್ರಯೋಗಗಳನ್ನು ಜರಡಿ ಹಿಡಿದರು. ನೋವಿನಂಥ ರೋಗಿಯೇ ಹೇಳಬೇಕಾದ ಸಂಗತಿಗಳಲ್ಲಿ ಅಲ್ಪಸ್ವಲ್ಪ ಪರಿಣಾಮ ಕಂಡಿತು, ಉಳಿದೆಡೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು 2011ರಲ್ಲಿ ಪ್ರಕಟವಾದ ಆಸ್ತಮಾ ಪ್ರಯೋಗ. ಪೂರ್ತಿ ಮುಗಿಸಿದವರು 39 ರೋಗಿಗಳು. ಒಬ್ಬೊಬ್ಬರಿಗೂ ಸರದಿಯಂತೆ ಒಮ್ಮೆ ನಿಜವಾದ ಆಲ್ಬ್ಯುಟೆರಾಲ್ ಇನ್‌ಹೇಲರ್, ಒಮ್ಮೆ ಮದ್ದಿಲ್ಲದ ಇನ್‌ಹೇಲರ್, ಒಮ್ಮೆ ನಾಟಕದ ಅಕ್ಯುಪಂಕ್ಚರ್. ಇನ್ನೊಮ್ಮೆ ಏನೂ ಇಲ್ಲ. ಹೇಗಿದ್ದೀರಿ ಎಂದು ಕೇಳಿದರೆ, ನಿಜವಾದ ಮದ್ದಿಗೆ ಶೇ. 50ರಷ್ಟು, ಎರಡು ಹುಸಿಗಳಿಗೆ ಶೇ. 45 ಮತ್ತು 46ರಷ್ಟು ಸುಧಾರಣೆ ಎಂಬ ಉತ್ತರ ಬಂತು. ಆದರೆ ಯಂತ್ರಕ್ಕೆ ಊದಿಸಿ ಉಸಿರು ಅಳೆದಾಗ ನಿಜವಾದ ಮದ್ದಿನಿಂದ ಶೇ. 20ರಷ್ಟು ಏರಿಕೆ, ಉಳಿದ ಮೂರಕ್ಕೂ ಶೇ. 7ರ ಆಸುಪಾಸು. ಅಂದರೆ ಹುಸಿಮದ್ದು ಶ್ವಾಸನಾಳಕ್ಕೆ ಮಾಡಿದ್ದು ಏನನ್ನೂ ಕೊಡದಿದ್ದಾಗ ಆಗುವಷ್ಟೇ. ರೋಗಿ ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜಕ್ಕೂ ಹಾಯೆನಿಸಿದೆ. ಅಪಾಯ ಇರುವುದೂ ಅಲ್ಲೇ: ಹಾಯೆನಿಸಿದವನು ರಾತ್ರಿ ಉಬ್ಬಸ ಕೆರಳುವ ಹೊತ್ತಿಗೆ ಆಸ್ಪತ್ರೆಗೆ ಓಡಲು ತಡಮಾಡಬಹುದು.

ಆದ್ದರಿಂದ 'ರೋಗಿಗೆ ಒಳ್ಳೆಯದಾಗುವುದಾದರೆ ಒಂದು ಸುಳ್ಳು ಹೇಳಿದರೇನು' ಎಂಬ ವಾದವನ್ನು ನಾನು ಒಪ್ಪಲಾರೆ. ಸುಳ್ಳು ಅನಿವಾರ್ಯವೇ ಎಂಬುದೂ ಅನುಮಾನ. 2010ರಲ್ಲಿ ಟೆಡ್ ಕಾಪ್ಟ್‌ಚುಕ್ ತಂಡ ಕರುಳಿನ ಕಿರಿಕಿರಿಯ ಕಾಯಿಲೆಯಿದ್ದ 80 ಜನರಲ್ಲಿ ಒಂದು ಗುಂಪಿಗೆ, ಇದು ಹುಸಿಮಾತ್ರೆ ಎಂದು ಹೇಳಿಯೇ ಕೊಟ್ಟಿತು. ಮೂರು ವಾರಗಳ ಕೊನೆಗೆ ಅವರಲ್ಲಿ ಶೇ. 59 ಮಂದಿ ಸಾಕಷ್ಟು ಆರಾಮ ಎಂದರು, ಮಾತ್ರೆಯಿಲ್ಲದವರಲ್ಲಿ ಶೇ. 35. ಮನಸ್ಸು-ದೇಹದ ಅಧ್ಯಯನವೆಂಬ ಜಾಹೀರಾತು ನೋಡಿ ಬಂದವರು ಇವರು ಎಂಬುದನ್ನು ಮರೆಯಬಾರದು. ಆರಾಮ ಎಂದದ್ದೂ ಅವರ ಬಾಯಿಮಾತೇ. ಆದರೂ ಪೂರ್ತಿ ತಳ್ಳಿಹಾಕುವಂಥ ಫಲಿತಾಂಶವಲ್ಲ.

ಅಪ್ಪಟ ಸಕ್ಕರೆ ಗುಳಿಗೆ ಕೊಡುವ ವೈದ್ಯರು ಹೇಗೂ ಕಡಿಮೆ. ಬ್ರಿಟನ್ನಿನಲ್ಲಿ 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಅಂಥದ್ದನ್ನು ಎಂದಾದರೂ ಕೊಟ್ಟಿದ್ದೇವೆಂದ ವೈದ್ಯರು ಶೇ. 12, ಕಾಯಿಲೆಗೆ ನೇರ ಸಂಬಂಧವಿಲ್ಲದ ವಿಟಮಿನ್, ಆಂಟಿಬಯಾಟಿಕ್ ಅಥವಾ ಬೇಡದ ಪರೀಕ್ಷೆಯಂಥದ್ದರ ಮೊರೆಹೋದವರು ಶೇ. 97. ನೆಗಡಿಗೆ ಬರೆದ ಆಂಟಿಬಯಾಟಿಕ್ ಸಕ್ಕರೆಯಂತೆ ಸುಮ್ಮನೆ ಕರಗಿಹೋಗುವುದಿಲ್ಲ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ದಾರಿಮಾಡಿಕೊಡುತ್ತದೆ. "ವೈರಸ್ಸಿನ ನೆಗಡಿ ಕಣಮ್ಮಾ, ತಾನೇ ಇಳಿಯುತ್ತೆ, ಜ್ವರ ಮೂರು ದಿನಕ್ಕೂ ಬಿಡದಿದ್ದರೆ ಬನ್ನಿ" ಎಂದು ಕೂರಿಸಿ ಹೇಳಿದರೂ ಕೈಗುಣ ಕೆಲಸಮಾಡೀತು. ಆದರೆ ಹೊರಗೆ ಬೆಂಚಿನ ತುಂಬ ಜನ ಕಾದಿರುವಾಗ ಸೂಜಿ ಚುಚ್ಚುವುದೇ ಬೇಗ ಮುಗಿಯುವ ಕೆಲಸ. ಫೀಸು ಕೇಳಲೂ ಸಂಕೋಚವಿಲ್ಲ.