ಒಂದೂವರೆ ಗಂಟೆಯ ಸುಳ್ಳು

ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿಗೆ ಆಕಾಶಮಾರ್ಗದಲ್ಲಿ ಸುಮಾರು 720 ಕಿಲೋಮೀಟರು. ಪ್ರಯಾಣಕ್ಕೆ ಒಂದೂವರೆ ಗಂಟೆ. ನಮ್ಮವರು ನಾಲ್ಕು ಜನ ಸೇರಿದ ಕಡೆಯೆಲ್ಲ ಈ ಲೆಕ್ಕ ಕಿವಿಗೆ ಬೀಳುತ್ತದೆ. "ಊರೇನು ದೂರ ಸ್ವಾಮಿ? ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೆಂಗಳೂರು!" ಊರಿನಲ್ಲಿ ಒಂಟಿಯಾಗಿ ಉಳಿದ ತಂದೆತಾಯಿಗಳಿಗೂ ನಾವು ಇದನ್ನೇ ಹೇಳಿ ಧೈರ್ಯ ತುಂಬಿದ್ದೇವೆ. ಇದು ಸುಳ್ಳು ಎಂದು ಹೇಳುವುದಕ್ಕೇ ಈ ಬರಹ.

ಗಣಿತ ತಪ್ಪೆನ್ನುವುದಿಲ್ಲ. ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಗೋಳದ ಮೇಲಿನ ಕಮಾನಿನಂತೆ ಅಳೆದು, ಗಂಟೆಗೆ 800 ಕಿಲೋಮೀಟರಿನಂತೆ ಭಾಗಿಸಿ, ಏರುವ ಇಳಿಯುವ ನಿಧಾನಕ್ಕೆ ಅರ್ಧ ಗಂಟೆ ಸೇರಿಸಿದರೆ ಹೆಚ್ಚುಕಡಿಮೆ ಅದೇ ಉತ್ತರ. ಬಿ.ಎಸ್ಸಿ. ಓದಿದ ನಮಗೆ ಅಷ್ಟು ಮರೆತಿಲ್ಲ. ಆದರೆ ಚಾಕಣದ ಯಾವ ಕನ್ನಡಿಗನೂ ಲೋಹಗಾಂವ್ ರನ್‌ವೇಯ ಮೇಲೆ ಸಂಸಾರ ಹೂಡಿಲ್ಲ. ಕಚೇರಿಯಲ್ಲಿ ನಮ್ಮ ಕೈಗೆ ಬರುವ ಪ್ರಯಾಣ ಭತ್ಯೆಯ ಬಿಲ್ಲಿನಲ್ಲಿ ಹೊರಟ ಗಂಟೆ, ತಲುಪಿದ ಗಂಟೆ ಎಂಬ ಕಲಮುಗಳಿವೆ. ಅದರಂತೆ ನಮ್ಮದೇ ಒಂದು ಬಿಲ್ಲು ಒಪ್ಪಿಸುತ್ತೇವೆ.

ಕಳೆದ ಮಳೆಗಾಲದಲ್ಲಿ ತಂದೆಯವರಿಗೆ ಕಾಯಿಲೆ ಹೆಚ್ಚಾಗಿದೆಯೆಂದು ಚಿತ್ರದುರ್ಗದಿಂದ ಫೋನು ಬಂತು. ಮಧ್ಯಾಹ್ನ ಒಂದೂವರೆಗೆ ಚಾಕಣದ ಮನೆ ಬಿಟ್ಟೆವು. ತಳೇಗಾಂವ್ ಚೌಕದಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡು ಲೋಹಗಾಂವ್ ಸೇರಿದಾಗ ಮೂರೂಕಾಲು. ವಿಮಾನ ಐದೂಕಾಲಿಗೆ. ದೇವನಹಳ್ಳಿಯಲ್ಲಿ ಇಳಿದಾಗ ಆರೂಮುಕ್ಕಾಲು. ನೋಡಿ, ಒಂದೂವರೆ ಗಂಟೆ ಇಲ್ಲಿ ಮಾತ್ರ ನಿಜವಾಯಿತು! ಪೆಟ್ಟಿಗೆ ಪಡೆದು, ಬಸ್ಸು ಹಿಡಿದು ಮೆಜೆಸ್ಟಿಕ್ ತಲುಪಿದಾಗ ಒಂಬತ್ತು. ಅಲ್ಲಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರು, ಅದೂ ಬಂದ ದಿಕ್ಕಿಗೇ ಹಿಂದಕ್ಕೆ. ನಮ್ಮ ಜಿಲ್ಲೆಯ ಆಸುಪಾಸಿನ ಆಕಾಶವನ್ನೇ ದಾಟಿ ಮುಂದೆ ಹೋಗಿ, ಮತ್ತೆ ನೆಲದ ಮೇಲೆ ವಾಪಸು ಬರುವ ಜಾಣತನವಿದು. ಮನೆಯ ಬಾಗಿಲು ತಟ್ಟಿದಾಗ ರಾತ್ರಿ ಎರಡು. ಒಟ್ಟು ಹನ್ನೆರಡೂವರೆ ಗಂಟೆ. ಪುಣೆಯಿಂದ ನೇರ ಬಸ್ಸು ಹಿಡಿದಿದ್ದರೂ ಹೆಚ್ಚುಕಡಿಮೆ ಇಷ್ಟೇ.

ತಂದೆಯವರು ಹನ್ನೊಂದರವರೆಗೂ "ವಿಮಾನದಲ್ಲಿ ಬರ್ತಾನಂತಲ್ಲ, ಇನ್ನೂ ಯಾಕೆ ಬರಲಿಲ್ಲ?" ಎಂದು ಕೇಳುತ್ತಿದ್ದರಂತೆ. ನಾವು ಹೋದಾಗ ಮಾತು ನಿಂತಿತ್ತು. ಅವರಿಗೆ ಒಂದೂವರೆ ಗಂಟೆ ಎಂದು ಕಲಿಸಿದವರು ನಾವೇ.

2008ರ ಮೇ ತಿಂಗಳಲ್ಲಿ ಬೆಂಗಳೂರಿನ ಪ್ರಯಾಣಿಕ ವಿಮಾನಗಳು ಎಚ್.ಎ.ಎಲ್. ನಿಲ್ದಾಣ ಬಿಟ್ಟು ದೇವನಹಳ್ಳಿಗೆ ಹೋದವು. ಇತ್ತ ಚಾಕಣದ ಬಳಿಯೇ ಹೊಸ ನಿಲ್ದಾಣ ಬರುತ್ತದೆಂದು ವರ್ಷಗಟ್ಟಲೆ ಕೇಳಿದೆವು. 2016ರಲ್ಲಿ ಅದು ಪುಣೆಯ ಆಚೆ ಬದಿಯ ಪುರಂದರ ತಾಲೂಕಿನ ಪಾಲಾಯಿತು. ಅದು ತೆರೆದರೂ ಚಾಕಣದವರಿಗೆ ದಾರಿ ಬೆಳೆಯುವುದೇ ಹೊರತು ಸವೆಯುವುದಿಲ್ಲ. ಆಗಲೂ ಆಕಾಶದ ಲೆಕ್ಕ ಮಾತ್ರ ಒಂದೂವರೆ ಗಂಟೆಯೇ!

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮ ಒತ್ತಾಯ ಇಷ್ಟೇ. ಸದಸ್ಯರ ಊರೂರಿಗೂ ಚಾಕಣದ ಹೊಸ್ತಿಲಿನಿಂದ ಅಲ್ಲಿಯ ಹೊಸ್ತಿಲಿನವರೆಗೆ ತಗಲುವ ನಿಜವಾದ ವೇಳೆಯ ಪಟ್ಟಿಯನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸಲಿ. ವಿಜಯಪುರ, ಬೀದರ, ಬಾಗಲಕೋಟೆಯ ಬಾಂಧವರು ತಮ್ಮ ತಮ್ಮ ಗಂಟೆಗಳನ್ನು ಬರೆದು ಕಾರ್ಯದರ್ಶಿಗಳಿಗೆ ಕಳಿಸಲಿ. ಚಿತ್ರದುರ್ಗದ್ದನ್ನು ನಾವು ಮೇಲೆ ಕೊಟ್ಟಿದ್ದೇವೆ.